ಹಾಬಿ: ರೊಟ್ಟಿ ಬಡಿಯುವುದು

ಹೈದರಾಬಾದಿನಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿ ತೆರೆಯುತ್ತಿದ್ದ ಕಾಲ. ತಾರ್ನಾಕದ ಡಿಟಿಪಿ ಅಂಗಡಿಯ ರಾಜಣ್ಣ ನಮ್ಮ ಗುಲ್ಬರ್ಗಾ ಕಡೆಯವನು. ಒಂದೇ ರೆಸ್ಯುಮೆಯಲ್ಲಿ ಹೆಸರು, ಮಾರ್ಕ್ಸು ಬದಲಿಸಿ ಎಲ್ಲರಿಗೂ ಕೊಡುತ್ತಿದ್ದ. ನನ್ನದರಲ್ಲೂ ಹಾಬಿಯ ಜಾಗದಲ್ಲಿ ಪುಸ್ತಕ ಓದುವುದು, ಸಂಗೀತ ಕೇಳುವುದು ಆಗಲೇ ಬಂದು ಕೂತಿದ್ದವು.

“ಅಣ್ಣಾ, ಅವು ನನ್ನವಲ್ಲ, ತೆಗೀರಿ. ರೊಟ್ಟಿ ಬಡಿಯೋದು ಅಂತ ಹಾಕ್ರಿ.”

“ಹುಚ್ಚೇನ್ ತಂಗಿ? ಕೆಲಸ ಕೊಡ್ತಾರೋ, ಒಲಿ ಮುಂದ ಕೂಡಸ್ತಾರೋ?”

“ಹೋದ್ರ ನನ್ನ ಕೆಲಸ ಹೋಗ್ತದ. ನೀವು ಹಾಕ್ರಿ.”

ಇಂಟರ್‌ವ್ಯೂದಲ್ಲಿ ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟು, “ಇದೂ ಒಂದು ಹಾಬಿಯಾ?” ಎಂದು ನಕ್ಕರು. ನಾನು ನಗಲಿಲ್ಲ. “ಜೋಳದ ಹಿಟ್ಟಿಗೆ ಜಿಗುಟಿಲ್ಲ ಸರ್. ಕೈ ತಪ್ಪಿದರೆ ಅಂಚು ಒಡೆಯುತ್ತದೆ. ನನ್ನದು ಒಡೆಯುವುದಿಲ್ಲ,” ಎಂದೆ. ಅವರು ನಗು ನಿಲ್ಲಿಸಿದರು. ಕೆಲಸ ಸಿಕ್ಕಿತು.

ಪೇಢಾ ಕೊಡಲು ಅಂಗಡಿಗೆ ಹೋದರೆ, ಮೀಸೆ ತಿರುವುತ್ತ ಒಬ್ಬ ಬಿ.ಟೆಕ್ ಪದವೀಧರ ರೆಸ್ಯುಮೆಗೆ ಕಾಯುತ್ತಿದ್ದ. ಪರದೆಯ ಮೇಲೆ ಅವನ ಹಾಬಿ: ರೊಟ್ಟಿ ಬಡಿಯುವುದು!

“ಅಣ್ಣಾ, ಇವರಿಗೆ ರೊಟ್ಟಿ ಬಡಿಯಾಕ ಬರ್ತದೇನ್ರಿ?”

“ತಿನ್ನಾಕ ಬರ್ತದಲ್ಲ ತಂಗಿ, ಅಷ್ಟು ಸಾಕು.”

ನಾನೇ ಕೀಬೋರ್ಡ್ ಎಳೆದುಕೊಂಡು ‘ಬಡಿಯುವುದು’ ಅಳಿಸಿ ‘ತಿನ್ನುವುದು’ ಎಂದು ಹೊಡೆದುಬಂದೆ.