ಗಿಟಾರಿಗೆಂದು ಮಾಡಿದ ಅರ

ಹುಕ್ಕೇರಿಯಲ್ಲಿ ನಾಟಕ ಕಂಪನಿಯ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದಾಗ, ಕಂಪನಿಯ ಗಿಟಾರ್ ಮಾಸ್ತರರು ನನ್ನ ಹತ್ತಿರ ಬಂದರು. ಗೋವೆಯವರು, ಕಣ್ಣು ಕಾಣದವರು. ಬಿಸಿಲಿಗೆ ಗಿಟಾರಿನ ಕುತ್ತಿಗೆಯ ಕಟ್ಟಿಗೆ ಕುಗ್ಗಿ, ಅದರ ಮೇಲೆ ಅಡ್ಡಲಾಗಿ ಕೂಡಿಸಿದ ಹಿತ್ತಾಳೆ ಪಟ್ಟಿಗಳ ತುದಿಗಳು ಹೊರಚಾಚಿ ಅವರ ಕೈ ಕೊಯ್ಯುತ್ತಿದ್ದವು. ಅಷ್ಟು ಸಣ್ಣ ಕೆಲಸಕ್ಕೆ ಹಿತ್ತಾಳೆ ಉಜ್ಜುವ ಅರ ಎಲ್ಲಿ ಸಿಗಬೇಕು? ಮುರಿದ ಅರದ ತುಂಡನ್ನು ಜಾಲಿ ಕಟ್ಟಿಗೆಯಲ್ಲಿ ಓರೆಯಾಗಿ ಕೂಡಿಸಿ ನಾನೇ ಒಂದು ಮಾಡಿ, ತುದಿಗಳನ್ನೆಲ್ಲ ಉಜ್ಜಿ ನುಣುಪು ಮಾಡಿದೆ.

ಮಾಸ್ತರರು ಕೈ ಆಡಿಸಿ, "ಬೆಣ್ಣಿ ಆಗೇತ್ರಿ ಮಿಸ್ತ್ರಿ!" ಎಂದರು. ಬಾರಿಸತೊಡಗಿದವರು ಸ್ವರ ತಪ್ಪಿ, ಪಟ್ಟಿಗಳ ಅಂಚನ್ನು ಮತ್ತೆ ತಡವಿದರು.

"ಇಲ್ಲೊಂದು ಪಟ್ಟಿ ಭಾಳ ಚುಚ್ಚತಿತ್ರಿ. ಅದು ಚುಚ್ಚಿದಲ್ಲೇ ಸ್ವರದ ಜಾಗಾ ಅಂತ ನನ್ನ ಕೈ ನಿಲ್ಲತಿತ್ತು. ಅದನ್ನೊಂದು ಮೊದಲಿನಂಗ ಮಾಡಾಕ ಬರ್ತೈತೇನ್ರಿ?"

ಬರುವುದಿಲ್ಲ ಎಂದೆ. ಅವರು ನಕ್ಕುಬಿಟ್ಟರು. ಆದರೆ ಹುಕ್ಕೇರಿ ಕ್ಯಾಂಪ್ ಮುಗಿಯುವತನಕ ಗಿಟಾರ್ ಮುಟ್ಟದೆ ತಾಳ ಹಿಡಿದು ಕೂತರು. ನನಗೆ ಅವರ ಮುಖ ನೋಡುವುದೇ ಸಂಕಟವಾಯಿತು. ಅವರೋ, ನನ್ನಂಥ ಕೆಲಸಗಾರ ಇನ್ನೊಬ್ಬನಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.