ಸಣ್ಣ ರೈಲಿಗೆ ಕಾದ ಜಡೆ

ನಾನು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲವದು. ಗಂಡುಹುಡುಗ, ಏಳು ವರ್ಷ, ಬೆನ್ನುದ್ದ ಜಡೆ. ಬೆಂಗಳೂರಿನ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಲಗೋರಿ ಆಡುವಾಗ ಹುಡುಗರು ಚೆಂಡಿಗಿಂತ ಮೊದಲು ಅದಕ್ಕೇ ಕೈ ಹಾಕುತ್ತಿದ್ದರು.

ಎಲ್ಲ ಅಜ್ಜಿಯ ಹರಕೆ. ಮೈಸೂರಿನಿಂದ ನಂಜನಗೂಡಿಗೆ ಆಗ ಒಂದು ಸಣ್ಣ ರೈಲಿತ್ತು. ಮಹಾರಾಜರ ಕಾಲದ ಹಳಿ. ಕಪಿಲಾ ಸೇತುವೆಯ ಮೇಲೆ ರೈಲೂ ಎತ್ತಿನ ಗಾಡಿಯೂ ಅಕ್ಕಪಕ್ಕ ಹೋಗುತ್ತಿದ್ದವಂತೆ. ಒಮ್ಮೆ ಆ ರೈಲಿನಲ್ಲಿ ಹೋಗುವಾಗ, ಕೈಗೂಸಾಗಿದ್ದ ನನಗೆ ಆ ಸೇತುವೆಯ ಮೇಲೇ ಜ್ವರ ನೆತ್ತಿಗೇರಿತು. "ನಂಜುಂಡಪ್ಪಾ, ಮಗು ಉಳಿದ್ರೆ ಇದೇ ರೈಲಲ್ಲಿ ಕರ್ಕೊಂಬಂದು ಮುಡಿ ಕೊಡ್ತೀನಿ" ಎಂದು ಅಜ್ಜಿ ಸೆರಗೊಡ್ಡಿದಳು. ನಾನೇನೋ ಉಳಿದೆ. ನನಗೆ ಮೂರು ತುಂಬಿ ಹೊರಡುವ ಹೊತ್ತಿಗೆ, ಹಳಿ ಅಗಲ ಮಾಡಬೇಕೆಂದು ಆ ರೈಲನ್ನೇ ನಿಲ್ಲಿಸಿಬಿಟ್ಟರು.

"ಬಸ್ಸಲ್ಲೇ ಹೋಗ್ಬರೋಣ ಕಣಮ್ಮ" ಎಂದು ಅಪ್ಪ ಹೇಳಿ ಹೇಳಿ ಸುಸ್ತಾದರು.

"ದೇವರ ಹತ್ರ ಒಂದು ಹೇಳಿ ಇನ್ನೊಂದು ಮಾಡೋಕಾಗುತ್ತಾ? ಹೊಸ ಹಳಿ ಹಾಕ್ತಿದಾರಂತೆ, ಹಾಕ್ಲಿ."

ಬಸ್ಸಿನ ಡೀಸೆಲ್ ವಾಸನೆಗೇ ಅಜ್ಜಿಗೆ ವಾಂತಿಯಾಗುತ್ತಿತ್ತು, ಅದು ಬೇರೆ. ವರ್ಷದ ಮೇಲೆ ವರ್ಷ ಹೋಯಿತು. ಭಾನುವಾರ ಬಂತೆಂದರೆ ಹರಳೆಣ್ಣೆ, ಸೀಗೆಪುಡಿ, ಕಣ್ಣುರಿ, ನನ್ನ ಅಳು.

ಕೊನೆಗೆ ಶಾಲೆಯ ವಾರ್ಷಿಕೋತ್ಸವಕ್ಕೆ ಹೊಸ ಟೀಚರ್ ಒಬ್ಬರು ನನ್ನನ್ನು ಹೆಣ್ಣುಮಕ್ಕಳ ಕೋಲಾಟದ ಸಾಲಿಗೆ ನಿಲ್ಲಿಸಿದರು. ಇಡೀ ತರಗತಿ ನಕ್ಕಿತು. ಮನೆಗೆ ಬಂದವನೇ ಅಮ್ಮನ ಹೊಲಿಗೆ ಕತ್ತರಿಯಿಂದ ಜಡೆಯನ್ನು ಬುಡಕ್ಕೇ ಕತ್ತರಿಸಿದೆ.

ಅಜ್ಜಿ ಬೈಯಲಿಲ್ಲ. ಜಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಅಷ್ಟು ಕಷ್ಟ ಆಗಿತ್ತೇನೋ ಮರಿ? ನಂಗೆ ಹೇಳ್ಬಾರ್ದಿತ್ತಾ?"

"ದಿನಾ ಹೇಳ್ತಿದ್ನಲ್ಲ ಅಜ್ಜಿ."

ಮಾರನೆಯ ಬೆಳಿಗ್ಗೆ ಜಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅಪ್ಪನನ್ನೂ ನನ್ನನ್ನೂ ಹೊರಡಿಸಿ, ಮೈಸೂರಿನ ರೈಲಿಗೂ ಕಾಯದೆ ಅಜ್ಜಿಯೇ ಮೊದಲು ಬಸ್ಸು ಹತ್ತಿದಳು. ನಿಂಬೆಹಣ್ಣು ಮೂಸುತ್ತ ಕೂತರೂ ರಾಮನಗರ ದಾಟುವಷ್ಟರಲ್ಲಿ ವಾಂತಿ ಶುರುವಾಯಿತು. ನಂಜನಗೂಡಿನ ಹೊಳೆದಂಡೆಯಲ್ಲಿ ನನ್ನ ಉಳಿದ ಕೂದಲನ್ನು ಬೋಳಿಸಿದ ಮೇಲೆ, ಜಡೆಯನ್ನೂ ಒಪ್ಪಿಸಿ, ಗುಡಿಯ ಕಡೆ ತಿರುಗಿ ಕೈ ಮುಗಿದಳು. "ತಪ್ಪಾಯ್ತಪ್ಪ, ಬಸ್ಸಲ್ಲಿ ಬಂದ್ಬಿಟ್ವಿ. ಮಗೂಗೆ ಏನೂ ಮಾಡ್ಬೇಡ."

ಕೆಲವು ವರ್ಷಗಳ ಮೇಲೆ ಅಗಲದ ಹಳಿಯ ಮೇಲೆ ದೊಡ್ಡ ರೈಲು ಬಂತು. "ಒಂದ್ಸಲ ಅದರಲ್ಲಿ ಹೋಗಿ ದೇವರಿಗೆ ಹೇಳ್ಬಿಟ್ಟು ಬರೋಣ್ವೇನೋ?" ಎಂದು ಅಜ್ಜಿ ಎರಡು ಮೂರು ಸಲ ಕೇಳಿದಳು. ನನಗೆ ಪರೀಕ್ಷೆ, ಟ್ಯೂಷನ್ನು. ಮುಂದಿನ ರಜೆಗೆ ಎಂದೆ. ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಳು. ಈಗ ಬೆಂಗಳೂರಿನಿಂದ ನೇರ ರೈಲೇ ಇದೆ. ನನಗೆ ಹತ್ತಲು ಮನಸ್ಸಾಗುವುದಿಲ್ಲ. ನನಗೋಸ್ಕರ ಅಷ್ಟು ದೂರ ವಾಂತಿ ಮಾಡಿಕೊಂಡು ಬಂದವಳ ಜೊತೆ, ಸುಮ್ಮನೆ ಕಿಟಕಿ ಪಕ್ಕ ಕೂತು ಹೋಗಿಬರುವುದಕ್ಕೂ ನನಗೆ ಪುರುಸೊತ್ತಾಗಲಿಲ್ಲ.