ಮುಯ್ಯಾಳಾಗಿ ಹೋದಾಗ ಬಿದ್ದ ರಿಂಗ್

ಒಲೆ ಮುಂದೆ ಕೂತು ಕೆಮ್ಮಿದೆ. ಕೆಳಗೆ ಏನೋ ಜಾರಿತು.

ಬಚ್ಚಲಿಗೆ ಹೋಗಿ ಮುಟ್ಟಿ ನೋಡಿಕೊಂಡೆ. ಮೆತ್ತಗೆ, ನಿಂಬೆಹಣ್ಣಿನಷ್ಟು ದಪ್ಪ. ಕೈ ತೊಳೆದು ಬಂದು ರೊಟ್ಟಿ ತಟ್ಟಿದೆ. ಆ ದಿನ ಮಾಡಿದ್ದು ಅಷ್ಟೇ. ಮರುದಿನವೂ ಅಷ್ಟೇ. ಹೇಳುವುದಾದರೂ ಯಾರಿಗೆ, ಯಾವ ಮಾತಿನಲ್ಲಿ? ಗಂಡನಿಗೆ ಸೊಂಟ ನೋವು ಅಂದೆ. ಅವರು ಪಾಪ, ಮುಲಾಮು ತಂದುಕೊಟ್ಟರು.

ಮೂತ್ರ ತಡೆಯಲಾಗದೆ ಸೀರೆ ಒದ್ದೆಯಾಗತೊಡಗಿದಾಗ, ಸಂತೆಗೆ ಅಂತ ಸುಳ್ಳು ಹೇಳಿ ಯಸಳೂರಿನಿಂದ ಸಕಲೇಶಪುರದ ಬಸ್ಸು ಹತ್ತಿದೆ. ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ, "ಪ್ರೊಲ್ಯಾಪ್ಸ್. ಗರ್ಭಕೋಶ ಕೆಳಗೆ ಜಾರಿದೆ" ಅಂದರು. ಆಪರೇಷನ್ ಒಂದು ದಾರಿ. ಜಾರದಂತೆ ತಡೆಯುವ ಒಂದು ರಬ್ಬರ್ ರಿಂಗನ್ನು ಒಳಗೆ ಹಾಕಿಸಿಕೊಂಡು, ಎಕ್ಸರ್‌ಸೈಜ್ ಮಾಡಿಕೊಂಡು, ಭಾರ ಎತ್ತದೆ ಇರುವುದು ಇನ್ನೊಂದು. ಆಪರೇಷನ್ ಅಂದರೆ ಮನೆಯಲ್ಲಿ ಹೇಳಬೇಕು. ರಿಂಗ್ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ರಿಂಗೇ ಸಾಕು ಅಂದೆ. ನನ್ನ ಪರವಾಗಿ ನಾಚಿಕೆಯೇ ತೀರ್ಮಾನ ಮಾಡಿಬಿಟ್ಟಿತ್ತು.

ಮೊದಲನೆಯದು ಬಚ್ಚಲಲ್ಲಿ ಜಾರಿ ಬಿತ್ತು. ಡಾಕ್ಟರ್ ದೊಡ್ಡ ಅಳತೆಯದು ಹಾಕಿದರು. ಅದು ಒಳಗೆ ಹುಣ್ಣು ಮಾಡಿತು. ತೆಗೆದು, ವಾಸಿಯಾದ ಮೇಲೆ ಮತ್ತೆ ಹಾಕುವಾಗ, "ಇದು ನಿಮಗೆ ಕೂರೋ ಥರ ಕಾಣಲ್ಲಮ್ಮ. ಆಪರೇಷನ್ ಯೋಚನೆ ಮಾಡಿ" ಅಂದರು. ಮಾಡ್ತೀನಿ ಅಂದು ಬಂದೆ. ಮಾಡಲಿಲ್ಲ. ಹಿಡಿದ ಹಟ ಬಿಡದೆ ಇದ್ದರೆ ಒಂದಲ್ಲ ಒಂದು ದಿನ ಸರಿಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಕಾಫಿ ಕುಯ್ಲು ಬಂತು. ನಮ್ಮಂಥ ಸಣ್ಣ ತೋಟದವರಿಗೆ ಮುಯ್ಯಾಳೇ ಗತಿ. ಅವರು ಬಂದು ನಮ್ಮ ಹಣ್ಣು ಕುಯ್ದರೆ, ನಾವು ಹೋಗಿ ಅವರದ್ದು ಕುಯ್ದುಕೊಡಬೇಕು. ಕೂಲಿ ಇಲ್ಲ, ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಪಕ್ಕದ ತೋಟದ ಲಕ್ಕಮ್ಮತ್ತೆ ಸೊಸೆಯನ್ನೂ ಕರೆದುಕೊಂಡು ಬಂದು ನಮ್ಮದನ್ನು ಮುಗಿಸಿಕೊಟ್ಟಿದ್ದರು. ಆ ವಯಸ್ಸಿನಲ್ಲೂ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವರೇ. ಈಗ ಅವರ ಸರದಿ. ಭಾರ ಎತ್ತಬಾರದು ಅಂತ ಯಾವ ಬಾಯಲ್ಲಿ ಹೇಳಲಿ? ಹೋದೆ. ಸಂಜೆ ಎಲ್ಲರ ಹಾಗೆ ನಾನೂ ಹಣ್ಣಿನ ಮೂಟೆ ಎತ್ತಿದೆ.

ರಿಂಗ್ ಬಿತ್ತು.

ಸೀರೆಯೊಳಗಿಂದ ಜಾರಿ, ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ ಲಕ್ಕಮ್ಮತ್ತೆಯ ಸೊಸೆಯ ಕಾಲ ಬಳಿ ಬಿತ್ತು. ಅವಳು ಎತ್ತಿ ತಿರುಗಿಸಿ ನೋಡಿದಳು. "ಇದ್ಯಾರ್ದು ಕಣ್ರೀ, ಸ್ಪ್ರಿಂಕ್ಲರ್ ಪೈಪಿನ ರಬ್ಬರ್ರು? ಕುಯ್ಲಿಗೆ ಬರೋರು ಇದನ್ಯಾಕ್ ತಂದ್ರಿ?" ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅಷ್ಟು ಹೇಸಿಗೆಯ ನಗು ನಾನು ಹಿಂದೆಂದೂ ನಕ್ಕಿರಲಿಲ್ಲ. ಲಕ್ಕಮ್ಮತ್ತೆ ಮಾತ್ರ ನಗಲಿಲ್ಲ. "ಕೊಡಿಲ್ಲಿ, ಪೈಪ್ ಎಳೆಯೋವಾಗ ಬೇಕಾಗ್ತೈತೆ" ಅಂತ ಅದನ್ನು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮನೆಗೆ ಹೊರಟವಳನ್ನು ಬೇಲಿಯ ಹತ್ತಿರ ನಿಲ್ಲಿಸಿದರು. "ನಿಂದೇ ಅಲ್ವೇನೇ?"

ಸೊಂಟಕ್ಕೆ ಸಿಕ್ಕಿಸಿದ್ದ ರಿಂಗನ್ನು ತೆಗೆದು ನನ್ನ ಕೈಗಿಟ್ಟರು.

"ಅದೇನು ಅಂತ ನಂಗೊತ್ತಿಲ್ಲ. ಎಲ್ಲಿಂದ ಬಿತ್ತು ಅಂತ ನೋಡ್ದೆ. ನಂಗೂ ಐತೆ ಕಣೇ. ಚಿಕ್ಕೋನು ಹುಟ್ಟಿದಾಗ್ಲಿಂದ. ಬಟ್ಟೆ ಉಂಡೆ ಮಾಡಿ ಇಟ್ಕಂಡು ಗೇಯ್ತೀನಿ."

ಚಿಕ್ಕವನಿಗೆ ಈಗ ತಲೆ ನರೆತಿದೆ. ಅಷ್ಟು ಕಾಲ ಬಟ್ಟೆಯ ಉಂಡೆ. ಇವರ ಗಟ್ಟಿತನವನ್ನು ನೋಡಿ ನಾನು ಎಷ್ಟು ಸಲ ಹೊಟ್ಟೆಕಿಚ್ಚು ಪಟ್ಟಿದ್ದೆ! ಸಾಲಿನಲ್ಲಿ ಮುಂದೆ ಹೋಗುತ್ತಿದ್ದರಲ್ಲ, ಹಿಂದೆ ಇರುವವರಿಗೆ ಮುಖ ಕಾಣಬಾರದು ಅಂತಲೋ ಏನೋ. ನಾನು ಹಟ ಅಂದುಕೊಂಡದ್ದೂ ಬರೀ ಬಚ್ಚಿಡುವ ಕೆಲಸವಾಗಿತ್ತು. ಹಾಗೇ ಮುಂದುವರಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇನೆ ಅನ್ನುವುದು ಎದುರಿಗೇ ನಿಂತಿತ್ತು. ನನಗೆ ಹೆದರಿಕೆಯಾಯಿತು.

ಮನೆಗೆ ಬಂದು ಗಂಡನಿಗೆ, "ಸೊಂಟ ಅಲ್ಲ" ಅಂದೆ. ಉಳಿದದ್ದನ್ನು ಗೋಡೆಯ ಕಡೆ ತಿರುಗಿ ಹೇಳಿದೆ. ಅವರು ಬಯ್ಯಲಿಲ್ಲ. "ಇಷ್ಟು ದಿನ ಪಕ್ಕದಲ್ಲೇ ಇದ್ನಲ್ಲೇ" ಅಂದರು. ಬಯ್ದಿದ್ದರೇ ವಾಸಿ ಇತ್ತು.

ಹಾಸನದಲ್ಲಿ ಆಪರೇಷನ್ ಆಯಿತು. ಗರ್ಭಕೋಶ ತೆಗೆದು, ಜಾರಿದ ಜಾಗವನ್ನು ಬಿಗಿಮಾಡಿ ಸ್ಟಿಚ್ ಹಾಕಿದರು. ಕ್ಯಾಥೆಟರ್ ಹಾಕಿದ್ದರಿಂದ ಮೂತ್ರದ ಬ್ಯಾಗ್ ಖಾಲಿ ಮಾಡುವುದು ಗಂಡನ ಪಾಲಿಗೆ ಬಂತು. ಅವರು ಬಗ್ಗಿದಾಗಲೆಲ್ಲ ನಾನು ಕಂಬಳಿ ಎಳೆದು ಮುಖ ಮುಚ್ಚಿಕೊಳ್ಳುತ್ತಿದ್ದೆ. "ಹಸು ಕರು ಹಾಕ್ದಾಗೆಲ್ಲ ನಾನೇ ಅಲ್ವಾ ನೋಡ್ಕಳದು? ಅದು ಯಾವತ್ತಾದ್ರೂ ಮುಖ ಮುಚ್ಕಂಡೈತಾ?" ಅಂದರು. ನಗು ಬಂತು, ಸ್ಟಿಚ್ ನೋಯಿತು. ಬಾಕಿ ಉಳಿದ ಮುಯ್ಯಿಗೆ ಆಮೇಲೆ ಅವರೇ ಹೋಗಿ, ಹೆಂಗಸರ ಸಾಲಿನಲ್ಲಿ ನಿಂತು ಹಣ್ಣು ಕುಯ್ದು ಬಂದರು.

ಈಗ ಸೀರೆ ಒಣಗಿರುತ್ತದೆ. ಇಷ್ಟು ಬರೆಯುವುದಕ್ಕೂ ಕೈ ಹಿಂಜರಿಯುತ್ತಿದೆ, ಆದರೂ ಅದು ದೊಡ್ಡ ಸುಖ. ಮತ್ತೆ ಜಾರುವುದೇ ಇಲ್ಲ ಅಂತ ಡಾಕ್ಟರ್ ಮಾತು ಕೊಟ್ಟಿಲ್ಲ. ಸೀನು ಬಂದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಕೊಡಪಾನ ಎತ್ತುವುದಿಲ್ಲ, ಯಾಕೆ ಅಂತ ಕೇಳಿದವರಿಗೆ ಆಪರೇಷನ್ ಆಗಿದೆ ಅನ್ನುತ್ತೇನೆ. ಯಾವುದರದ್ದು ಅಂತ ಕೇಳಿದರೆ ಮಾತು ತಿರುಗಿಸುತ್ತಿದ್ದೆ, ಹೋದ ವಾರದವರೆಗೆ.

ಹೋದ ವಾರ ಲಕ್ಕಮ್ಮತ್ತೆ ಬಂದು ಜಗಲಿಯ ತುದಿಯಲ್ಲಿ ಕೂತರು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಹೊರಡುವಾಗ ಕೇಳಿದರು. "ನನ್ನಂಥ ಮುದುಕೀರ್ನೂ ನೋಡ್ತಾರೇನೇ?"

"ನೋಡ್ತಾರೆ ಅತ್ತೆ. ನಾನೇ ಕರ್ಕಂಡೋಗ್ತೀನಿ."

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ನರ್ಸ್ ಗಟ್ಟಿಯಾಗಿ, "ಅಜ್ಜಿಗೆ ಏನು ತೊಂದ್ರೆ?" ಅಂತ ಕೇಳಿದಳು. ಬೆಂಚು ತುಂಬಾ ಜನ, ಗಂಡಸರೂ ಇದ್ದರು. ಲಕ್ಕಮ್ಮತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ನರ್ಸ್ ಇನ್ನೊಂದು ಸಲ ಕೇಳಿದಳು.

"ಗರ್ಭಕೋಶ ಜಾರಿದೆ ಸಿಸ್ಟರ್" ಅಂದೆ. "ನನಗೂ ಆಗಿತ್ತು."

ಕಿವಿ ಬಿಸಿಯಾಯಿತು. ಜನ ತಿರುಗಿ ನೋಡಿದರು. ನೋಡಿದರೆ ನೋಡಲಿ ಅನ್ನುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದೆ. ಆದರೆ ಕೇಳುವ ಹಾಗೆ ಹೇಳಿದೆ.